ಬೆಲ್ಟಿನ ಮೇಲೆ ಹೊಡೆದ ನಂಬರ್

"ಇದರ ನಂಬರನ್ನ ಬೇರೆ ಯಾವುದರ ಮೇಲೂ ಹೊಡೀಬೇಡಪ್ಪ. ಹೊಡೆದ್ರೆ ಅದನ್ನೂ ತನ್ನದು ಅಂದ್ಕೊಳ್ಳುತ್ತೆ," ಎಂದಳು ಮುದುಕಿ.

ಹಳೆಯ ಜಪಾನಿ ಬೈಕುಗಳನ್ನು ಕೊಂಡು, ರಿಪೇರಿ ಮಾಡಿ ಮಾರುವ ಮೆಕ್ಯಾನಿಕ್‌ಗೆ ನಗು ತಡೆಯಲಾಗಲಿಲ್ಲ. ಅವನು ಅವಳಿಂದ ಕೊಂಡದ್ದು ಎಂಜಿನ್ನೇ ಇಲ್ಲದ ಬೈಕಿನ ಚಾಸಿ, ಬರೀ ಚೌಕಟ್ಟು. ಎಂಜಿನ್ ಎಂದೋ ಕಳುವಾಗಿತ್ತು. ಆ ಸಿಟ್ಟಿಗೆ ಮುದುಕಿಯ ಗಂಡ ಮಾಟ ಮಾಡಿಸಿದ್ದನಂತೆ: ಈ ನಂಬರ್ ಹೊತ್ತದ್ದು ಎಲ್ಲಿದ್ದರೂ ಚಾಸಿಗೇ ಬಂದು ಸೇರಬೇಕು.

"ಕಳ್ಳ ಸಿಕ್ಕಿದ್ನಾ ಅಜ್ಜಿ?"

"ಇಲ್ಲ. ನಮ್ಮೆಜಮಾನ್ರು ನಂಬರ್ ಮರೀಬಾರ್ದು ಅಂತ ಕೈ ಮೇಲೆ ಹಚ್ಚೆ ಹಾಕಿಸ್ಕೊಂಡ್ರು. ಆ ವಾರಾನೇ ಈ ಗಾಡಿ ಪಕ್ಕ ಸತ್ತು ಬಿದ್ದಿದ್ರು."

"ಪಾಪ, ಗಾಡಿ ಕಣ್ಣು ಕಾಣದೆ ಅವರನ್ನೇ ಎಂಜಿನ್ ಅಂದ್ಕೊಂಡಿತೇನೋ," ಎಂದು ನಗುತ್ತಲೇ ಅವನು ಚಾಸಿಯನ್ನು ಟೆಂಪೋಗೆ ಹೇರಿಸಿದ.

ಚಾಸಿ ನಂಬರ್, ಎಂಜಿನ್ ನಂಬರ್ ಒಂದೇ ಆಗಿದ್ದರೆ ಗಿರಾಕಿಗಳು ಮುಗಿಬೀಳುತ್ತಾರೆ. ಇಲ್ಲದಿದ್ದರೆ ಮೂಸಿಯೂ ನೋಡುವುದಿಲ್ಲ. ಅವನು ಗುಜರಿಯಿಂದ ಅದೇ ಮಾದರಿಯ ಎಂಜಿನ್ ತಂದು, ಅದರ ಅಂಕಿಗಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ. ಒಮ್ಮೆ ಉಜ್ಜಿದ ಲೋಹಕ್ಕೆ ತಪ್ಪಿ ಬಿದ್ದ ಏಟನ್ನು ಮತ್ತೆ ತಿದ್ದಲಾಗದು. ಹಾಗಾಗಿ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಅಂಕಿ ಹೊಡೆಯುವ ಮುನ್ನ ಚರ್ಮದ ಮೇಲೆ ಹೊಡೆದು ನೋಡುವುದು ಅವನ ರೂಢಿ. ಮನೆಗಂಟಿದ ಆ ಶೆಡ್ಡಿನ ಗೋಡೆಯ ಮೊಳೆಗೆ ಅವನ ತಮ್ಮನ ಬೆಲ್ಟ್ ನೇತುಬಿದ್ದಿತ್ತು. ಅದರ ಒಳಮೈ ಮೇಲೆ ಚಾಸಿಯ ನಂಬರ್ ಹೊಡೆದ. ಸಾಲು ನೆಟ್ಟಗೆ ಬಂತು. ಬೆಲ್ಟನ್ನು ಮೊಳೆಗೆ ಹಾಕಿ, ಎಂಜಿನ್ ಮೇಲೆ ಹೊಡೆದ.

ತಮ್ಮ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಮ್ಮ ತೀರಿಕೊಂಡ ಮೇಲೆ ಅಣ್ಣನೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಸೈಕಲ್ಲೂ ಬಾರದು. ಅಣ್ಣನಿಗೆ ಅವನನ್ನು ಬಿಟ್ಟರೆ ತನ್ನವರು ಎನ್ನಲು ಯಾರೂ ಇರಲಿಲ್ಲ.

ರಜೆಯ ಮಧ್ಯಾಹ್ನ ಗಾಡಿ ಸಿದ್ಧವಾಯಿತು. ಅರ್ಧ ಇಳಿಸಿದ ಶಟರಿನ ಒಳಗೆ ಸುಟ್ಟ ಆಯಿಲಿನ ವಾಸನೆ ದಟ್ಟವಾಗಿತ್ತು. ಊಟಕ್ಕೆ ಕರೆಯಲು ಬಂದ ತಮ್ಮ ಗೋಡೆಗೊರಗಿ ನಿಂತು, ಮೊಳೆಯಲ್ಲಿದ್ದ ಬೆಲ್ಟ್ ತೆಗೆದು ಬಿಗಿದುಕೊಂಡ. ಅಣ್ಣ ಕಿಕ್ಕರ್ ತುಳಿದ. ತಮ್ಮನ ಎದೆ ಜಗ್ಗಿತು. ಮತ್ತೆ ತುಳಿದ. ಎಂಜಿನ್ ಸ್ಟಾರ್ಟ್ ಆಯಿತು.

ಆದರೆ ಹೊಗೆಯಲ್ಲಿ ಪೆಟ್ರೋಲಿನ ವಾಸನೆ ಇರಲಿಲ್ಲ. ಕೂದಲು ಸುಟ್ಟ ವಾಸನೆ ಇತ್ತು.

"ಅಣ್ಣಾ, ಏನೋ ಆಗ್ತಿದೆ..." ತಮ್ಮನ ಬಾಯಿಂದ ನೀಲಿ ಹೊಗೆ ಬಂತು.

ಗಾಬರಿಯಲ್ಲಿ ಅಣ್ಣ ಗಾಡಿ ಆರಿಸಿದ. ತಮ್ಮ ದೊಪ್ಪನೆ ಬಿದ್ದ. ಉಸಿರಿಲ್ಲ. ಅಣ್ಣ ಮತ್ತೆ ಕಿಕ್ಕರ್ ತುಳಿದ. ಉಸಿರು ಬಂತು. ಎಂಜಿನ್ ಬಡಿದಂತೆ ಎದೆ ಬಡಿಯಿತು.

ಅಣ್ಣನಿಗೆ ಮುದುಕಿಯ ಮಾತು ನೆನಪಾಯಿತು. "ಬೆಲ್ಟ್ ಬಿಚ್ಚೋ!" ಎಂದು ಕಿರುಚಿದ. ತಮ್ಮ ಬಿಚ್ಚಿ ಎಸೆದ. ಬೆಲ್ಟಿನ ಒಳಮೈ ನುಣ್ಣಗಿತ್ತು. ಅಂಕಿಗಳು ತಮ್ಮನ ಸೊಂಟದ ಚರ್ಮದಲ್ಲಿ ಇಳಿದಿದ್ದವು. ನೆಟ್ಟಗಿನ ಸಾಲು.

ಟ್ಯೂನಿಂಗ್ ಇನ್ನೂ ಆಗಿರಲಿಲ್ಲ. ಆಕ್ಸಿಲರೇಟರ್ ಬಿಟ್ಟರೆ ಗಾಡಿ ಆರುತ್ತಿತ್ತು. ಬಲಗೈ ಬಿಡುವಂತಿಲ್ಲ. ಎಡಗೈಯಲ್ಲಿ ಅರ ಎತ್ತಿಕೊಂಡು ಹ್ಯಾಂಡಲ್ ಕೆಳಗಿನ ಚಾಸಿ ನಂಬರನ್ನು ಉಜ್ಜಿದ. ತಮ್ಮ ಚೀರಿದ. ಸೊಂಟದಿಂದ ರಕ್ತ ಹರಿಯಿತು. ಅರ ಕೈಜಾರಿತು.

"ಯಾರಾದ್ರೂ ಬನ್ನಿ!" ಎಂದು ಅಣ್ಣ ಕೂಗಿದ. ಗಾಡಿಯ ಸದ್ದು ಅವನ ಕೂಗನ್ನು ನುಂಗಿತು. ಒಂದು ಬಾಟಲಿ ಪೆಟ್ರೋಲನ್ನಷ್ಟೇ ಟ್ಯಾಂಕಿಗೆ ಸುರಿದಿದ್ದ. ಪರೀಕ್ಷೆಗೆ ಅಷ್ಟು ಸಾಕು ಎಂದುಕೊಂಡಿದ್ದ. ಬೆವರು ಕಣ್ಣಿಗಿಳಿಯಿತು. ಮಣಿಕಟ್ಟು ಮರಗಟ್ಟಿತು. ಬಿಡಲಿಲ್ಲ.

ಎಂಜಿನ್ ತಡವರಿಸಿತು. ತಮ್ಮನೂ ಬಿಕ್ಕಳಿಸಿದ. ಗಾಡಿಯ ಗಂಧಗಾಳಿಯಿಲ್ಲದ ಹುಡುಗ ಕಣ್ಣು ಬಿಟ್ಟು, ಲೋಹದ ದನಿಯಲ್ಲಿ ಹೇಳಿದ.

"ಅಣ್ಣಾ, ರಿಸರ್ವ್ ಬಂತು."

ಅಣ್ಣ ಟ್ಯಾಂಕಿನ ಕೆಳಗೆ ಎಡಗೈ ಹಾಕಿ, ರಿಸರ್ವಿಗೆ ತಿರುಗಿಸಲು ಪೆಟ್ರೋಲ್ ಕಾಕ್ ತಡವಿದ. ಅದು ಮೊದಲೇ ರಿಸರ್ವಿನಲ್ಲಿತ್ತು.