ಕಂಪೈಲರ್ ಡಿಸ್ಕ್ ಸಿಕ್ಕಿದ ದಿನ

"ಡಿಸ್ಕ್ ನನ್ನ ಕೈಗೆ ಸಿಕ್ಕಿದ ದಿನ ನಾನೇ ಫೋನ್ ಮಾಡ್ತೀನಿ ಕಣ್ರೀ... ದೇವರಾಣೆ!"

ಎರಡು ಯುಗಾದಿಯ ಹಿಂದೆ ಸ್ಪಂದನಾ ಯತೀಶನಿಗೆ ಕೊಟ್ಟ ಮಾತು ಅದು.

ಅವಳು ಕೆಲಸ ಮಾಡುವ ಕೆ.ಆರ್. ನಗರದ ಅಕ್ಕಿ ಗಿರಣಿಯಲ್ಲಿ ಲಾರಿಗಳ ತೂಕದ ಲೆಕ್ಕ ಇಡುವುದು ಯುನಿಕ್ಸ್ ಎಂಬ ಹಳೇ ವ್ಯವಸ್ಥೆಯ ಒಂದು ಮುದಿ ಕಂಪ್ಯೂಟರ್. ಅದರ ಪ್ರೋಗ್ರಾಂ ತಿದ್ದಿದರೆ ಸಾಲದು, ತಿದ್ದಿದ್ದನ್ನು ಯಂತ್ರಕ್ಕೆ ಅರ್ಥ ಮಾಡಿಸುವ ಕಂಪೈಲರ್ ಬೇಕು. ಆ ಯಂತ್ರದ ಕಾಲದಲ್ಲಿ ಅದನ್ನು ಬೇರೆ ಡಿಸ್ಕಿನಲ್ಲಿ ಮಾರುತ್ತಿದ್ದರು. ಗಿರಣಿಯವರು ಕೊಂಡಿರಲಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿದ್ದು ಯಾವುದೂ ಆ ಮುದಿಯನಿಗೆ ಹಿಡಿಸಲಿಲ್ಲ.

"ಎಲ್ಲಿದ್ರೂ ಹುಡುಕಿ ಬಸ್ಸಿಗೆ ಹಾಕಿ ಕಳಿಸ್ತೀನಿ. ನಾನು ನಿಮಗೆ ಒಪ್ಪಿಗೆ ಅನ್ಸಿದ್ರೆ ಫೋನ್ ಮಾಡಿ, ಹೆಣ್ಣು ಕೇಳೋಕೆ ನಮ್ಮವ್ವನ್ನೂ ಕರ್ಕೊಂಡು ಬತ್ತೀನಿ. ಇಲ್ಲಾಂದ್ರೆ ಸುಮ್ನಿದ್ಬುಡಿ," ಎಂದಿದ್ದ ಹುಣಸೂರಿನ ಕಂಪ್ಯೂಟರ್ ರಿಪೇರಿ ಅಂಗಡಿಯ ಯತೀಶ್ ಹೋದವನು ಹೋದವನೇ.

ಡಿಸ್ಕ್ ಬರಲೇ ಇಲ್ಲ. ಬೇಡವಾದವಳು ತಾನಾಗಿ ಹೇಗೆ ಕೇಳಬೇಕು?

ಇವತ್ತು ಚೀಲದ ತೂಕ ಕಳೆಯುವ ಲೆಕ್ಕ ಬದಲಿಸಬೇಕೆಂದು ಮಾಲೀಕ ವೀರಭದ್ರಸ್ವಾಮಿ ಅವನನ್ನೇ ಕರೆಸಿದ್ದರು.

ಯತೀಶ್ ಕಂಪ್ಯೂಟರಿನ ಮುಚ್ಚಳ ಬಿಚ್ಚಿದ. ಬುಳಬುಳನೆ ಜಿರಲೆಗಳು! ತವುಡಿನ ಧೂಳಿನಲ್ಲಿ ನೆಂದ ಇಲಿ ಉಚ್ಚೆಯ ನಾತ. ಫ್ಯಾನಿನ ರೆಕ್ಕೆಗೆ ಸತ್ತ ಹಲ್ಲಿಯೊಂದು ಒಣಗಿ ಅಂಟಿತ್ತು.

ಸ್ಪಂದನಾ ಮೂಗು ಮುಚ್ಚಿಕೊಂಡಳು. ಆದರೆ ಅವನ ಮುಖ ಕಂಡಾಗ ಬಂದ ಅಸಹ್ಯದ ಮುಂದೆ ಇದು ಏನೇನೂ ಅಲ್ಲ...

'ಏನೂ ಆಗೇ ಇಲ್ಲ ಅನ್ನೋ ಥರ ಬಂದು ನಿಂತವ್ನೆ! ಥೂ!'

"ಏನ್ರೀ ಇಷ್ಟು ಗಲೀಜು ಮಡೀಕೊಂಡಿದೀರಾ?" ಯತೀಶ್ ಕೇಳಿದ.

"ಗಲೀಜು ಪೆಟ್ಟಿಗೆ ಒಳಗೆ ಮಾತ್ರ ಇಲ್ಲ ಬುಡಿ. ಎದುರಿಗೂ ನಿಂತದೆ."

ಅವನು ಹಲ್ಲಿಯನ್ನು ಕೆರೆದು ತೆಗೆದ. ಚೀಲದಿಂದ ಒಂದು ಡಿಸ್ಕ್ ತೆಗೆದು ಒಳಕ್ಕೆ ತಳ್ಳಿದ. ಪರದೆಯ ಮೇಲೆ ಸಾಲುಸಾಲಾಗಿ ಫೈಲುಗಳ ಹೆಸರುಗಳು ಇಳಿಯತೊಡಗಿದವು.

ಕಂಪೈಲರ್!

ಅವಳ ಮೈಯೆಲ್ಲ ಉರಿಯಿತು. "ಮಾಲೀಕ್ರು ಕರೆದ್ರೆ ಡಿಸ್ಕ್ ಸಿಕ್ತದೆ. ನಂಗಾದ್ರೆ ಸಿಗಲ್ಲ, ಅಲ್ವಾ?"

"ಇದು ಕಾಪಿ ಕಣ್ರೀ. ಅಸಲಿ ಡಿಸ್ಕನ್ನ ಆಗ್ಲೇ ಕಳಿಸಿದ್ನಲ್ಲ! ನಿಮ್ಮೂರ ಬಸ್ ಡ್ರೈವರ್ ಚಾಮಯ್ಯನ ಕೈಲಿ. ನಿಮ್ಮವ್ವನಿಗೆ ಕೊಟ್ಟೆ ಅಂದ. ನೀವು ಸುಮ್ನಿದ್ಬುಟ್ರಿ... ಒಲ್ಲದ ಹುಡುಗಿ ಬೆನ್ನು ಬಿದ್ದೆನಲ್ಲ ಅಂತ ನಂಗೆ ನನ್ ಮೇಲೇ ಹೇಸಿಗೆ ಆಗೋಯ್ತು."

'ಅವ್ವನಿಗಾ?!'

ಇಬ್ಬರೂ ಬೈಕಿನಲ್ಲಿ ಊರು ಮುಟ್ಟಿದಾಗ ಅವ್ವ ಪುಟ್ಟತಾಯಮ್ಮ ಜೋಳದ ಹೊಲದ ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದಳು.

"ಚಾಮಯ್ಯ ಕೊಟ್ಟನಲ್ಲ, ಆ ಮಿಣಮಿಣ ತಟ್ಟೆನಾ? ಹಾಡಿನ್ ಸೀಡಿ ಅನ್ಕಂಡೆ ಕಣವ್ವ. ಹಾಡ್ಸೋ ಮಿಷಿನ್ನು ನಮ್ಮನೇಲಿ ಎಲ್ಲೈತೆ? ಅಗೋ, ಗಿಣಿ ಬೆದರ್ಲಿ ಅಂತ ಕಟ್ಟಿವ್ನಿ!"

ಗೂಟದ ತುದಿಯ ದಾರದಲ್ಲಿ ಅದು ತಿರುಗುತ್ತಿತ್ತು. ಬಿಸಿಲಿಗೆ ಬಣ್ಣ ಎದ್ದು, ಹಕ್ಕಿ ಹಿಕ್ಕೆ ಗಟ್ಟಿಯಾಗಿ ಮೆತ್ತಿತ್ತು. ಪಕ್ಕದ ತೆನೆಯಲ್ಲೇ ಗಿಣಿಯೊಂದು ಕೂತು ನಿರುಮ್ಮಳವಾಗಿ ಕಾಳು ಸುಲಿಯುತ್ತಿತ್ತು!

"ಬೆದರಿರೋ ಅಂಗೆ ಕಾಣಕಿಲ್ವಲ್ಲ, ಅವ್ವಾ?" ಎಂದ ಯತೀಶ್.

"ನೀನ್ಯಾರ್ಲಾ ಮಗ ಹೇಳಾಕೆ?"

"ಅದನ್ನ ಕಳಿಸಿದವನು."

ಸ್ಪಂದನಾ ದಾರ ಕಿತ್ತಳು. ಆಗಷ್ಟೇ ಬಿದ್ದ ಹಿಕ್ಕೆ ಬೆರಳಿಗೆ ಹತ್ತಿತು. ಮುಖ ಕಿವುಚಿದಳು... ಡಿಸ್ಕ್ ಮಾತ್ರ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆದಳು.

ಬದುವಿನ ಮೇಲೆ ನಿಂತಿದ್ದ ಯತೀಶನ ಜೇಬು ರಿಂಗಾಯಿತು.

"ಹಲೋ... ಯಾರು?" ಎಂದ, ಅವಳನ್ನೇ ನೋಡುತ್ತಾ.

"ಡಿಸ್ಕ್ ಸಿಕ್ತು ಕಣ್ರೀ. ಥೂ, ನಾರ್ತದೆ!"

"ಆಮೇಲೆ...?"

"ನಿಮ್ಮವ್ವನ್ನ ಯಾವತ್ತು ಕರ್ಕೊಂಡು ಬತ್ತೀರ?"

ಅವನು ಬದುವಿನಿಂದ ಇಳಿದು ಬಂದ. "ಮೊದ್ಲು ಕೈ ತೊಳ್ಕಳಿ... ನಾಳೇನೇ ಬತ್ತೀವಿ!"

ಡಿಸ್ಕ್ ಕೈಗೆ ಸಿಕ್ಕಿದ ದಿನ ಸ್ಪಂದನಾ ಫೋನ್ ಮಾಡಿದಳು.