ಸ್ಥಾವರ ನಿಂತ ಮೂರು ಬೆಳಗು

ಅಕ್ಟೋಬರ್ 14, ಸೋಮವಾರ. ಬೆಳಿಗ್ಗೆ 9:40ಕ್ಕೆ ಪುಂತಾ ಅರೆನಾಲ್ ಅಣುವಿದ್ಯುತ್ ಸ್ಥಾವರದ ಇಂಜಿನಿಯರ್ ಬೆರಿಸ್ತಾಯ್ನ್ ಲಾಸ್ ಹಿಕಾಕೋಸ್ ಪೊಲೀಸ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಹದಿನಾರು ದಿನಗಳಲ್ಲಿ ರಿಯಾಕ್ಟರು ಮೂರು ಸಲ ತಾನಾಗಿಯೇ ನಿಂತುಹೋಗಿತ್ತು. ಸೆಪ್ಟೆಂಬರ್ 29ರ ಬೆಳಿಗ್ಗೆ 6:12ಕ್ಕೆ, ಅಕ್ಟೋಬರ್ 5ರಂದು 6:20ಕ್ಕೆ, ಈಗ ಇದೇ ದಿನ 6:15ಕ್ಕೆ.

ಕಮಾಂಡೆಂಟ್ ಲಿಯೋನ್ಸಿಯೊ ಉಸ್ಕಾಂಗ ದೂರನ್ನು ಎರಡು ಸಲ ಓದಿದ.

"ಗಾಳಿ ಇರಬಹುದಲ್ಲಾ? ಉತ್ತರದ ಗಾಳಿ ಶುರುವಾಗಿದೆ."

"ಮೊದಲನೇ ಸಲ ಗಾಳಿ ಅಂದ್ವಿ. ಎರಡನೇ ಸಲ ಹಕ್ಕಿ ಅಂದ್ವಿ. ಇನ್ನು ಯಾರ ಮೇಲೆ ಹಾಕೋದು ಸರ್? ಹೊರಗೆ ಹೋಗೋ ದೊಡ್ಡ ತಂತಿ ಮೇಲೆ ಬೇಕಂತ ಏನೋ ಎಸೀತಿದಾರೆ."

"ಒಂದು ತಂತಿ ಕೆಟ್ರೆ ಅಷ್ಟು ದೊಡ್ಡ ಯಂತ್ರ ನಿಂತುಬಿಡತ್ತಾ?"

"ನಿಲ್ಲಲೇಬೇಕು, ಹಾಗೇ ಕಟ್ಟಿರೋದು. ಮಾಡಿದ ಕರೆಂಟು ಹೊರಗೆ ಹೋಗೋಕೆ ದಾರಿ ಇಲ್ಲ ಅಂದ್ರೆ ಎರಡೇ ಸೆಕೆಂಡು. ಯಾರ ಅಪ್ಪಣೇನೂ ಕೇಳಲ್ಲ."

ಉಸ್ಕಾಂಗನ ಕಣ್ಣು ಪಕ್ಕಕ್ಕೆ ಹೋಯಿತು. ಅವನ ಮೇಜಿನ ಎಡಗಡೆ ಇನ್ನೊಂದು ಕಡತವಿತ್ತು. ರುಬೇಲಿಯೊ ಲಗೂನೆಸ್, ಇಪ್ಪತ್ತನಾಲ್ಕು ವರ್ಷ, ಗುತ್ತಿಗೆಯ ಮುಳುಗುಗಾರ. ಸೆಪ್ಟೆಂಬರ್ 3ರಂದು ಸ್ಥಾವರಕ್ಕೆ ಸಮುದ್ರದ ನೀರು ಎಳೆದುಕೊಳ್ಳುವ ಕಾಲುವೆಯಲ್ಲಿ ಜಾಲರಿ ಸ್ವಚ್ಛ ಮಾಡಲು ಇಳಿದವನು ಮೇಲೆ ಬರಲಿಲ್ಲ. ಹಗ್ಗವೊಂದೇ ಬಂತು. ಪಂಪುಗಳು ತಿರುಗುತ್ತಿರುವಾಗ ಹುಡುಕಲು ಇನ್ನೊಬ್ಬ ಇಳಿಯುವಂತಿರಲಿಲ್ಲ. ಎರಡೇ ಎರಡು ಗಂಟೆ ಎಲ್ಲವನ್ನೂ ನಿಲ್ಲಿಸಿ ಎಂದು ಉಸ್ಕಾಂಗ ಮೂರು ಪತ್ರ ಬರೆದಿದ್ದ. ಫೆಬ್ರವರಿಯ ವಾರ್ಷಿಕ ದುರಸ್ತಿಯಲ್ಲಿ ಕಾಲುವೆ ಬರಿದು ಮಾಡುತ್ತೇವೆ, ಆಗ ನೋಡೋಣ ಎಂದು ನಾಲ್ಕು ಸಾಲಿನ ಉತ್ತರ ಬಂದಿತ್ತು. ಸಹಿ ಇದೇ ಬೆರಿಸ್ತಾಯ್ನ್‌ನದು.

"ಗುತ್ತಿಗೆಯ ಲೈನ್‌ಮನ್‌ಗಳು ನಾಲ್ಕು ಜನ ಇದಾರೆ, ಸಂಬಳಕ್ಕೆ ತಕರಾರು ಮಾಡಿದೋರು," ಎಂದು ಬೆರಿಸ್ತಾಯ್ನ್ ಎದ್ದು ನಿಂತ. "ಗುರುವಾರದೊಳಗೆ ನಿಮ್ಮ ಕೈಲಿ ಆಗದಿದ್ರೆ ರಾಜಧಾನಿಯಿಂದ ಬರ್ತಾರೆ. ಅವರು ಮೊದಲು ನಾಲ್ಕೂ ಜನರನ್ನ ಒಳಗೆ ಹಾಕಿ ಆಮೇಲೆ ಪ್ರಶ್ನೆ ಕೇಳೋದು."

10:25ಕ್ಕೆ ಎಫ್‌ಐಆರ್ ದಾಖಲಾಯಿತು.

11:30ಕ್ಕೆ ಹದಿನೇಳನೇ ಗೋಪುರದ ಕೆಳಗೆ ಮಹಜರು. ಉಸ್ಕಾಂಗನ ಜೊತೆ ಹಳೆಯ ಪೇದೆ ಬಾಲ್ಬೀನೊ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಪೇದೆ ನೆರೇಯ್ದಾ. ಹುಲ್ಲಿನಲ್ಲಿ ಒಂದು ಗೇಣು ಉದ್ದದ ಕರಗಿದ ತಂತಿ ಸಿಕ್ಕಿತು, ಅದರ ತುದಿಗೆ ಮೀನುಗಾರರು ಬಲೆಗೆ ಕಟ್ಟುವ ಸೀಸದ ಗುಂಡು. ಎರಡನ್ನೂ ಚೀಲಕ್ಕೆ ಹಾಕಿ ಸೀಲು ಮಾಡಿದರು.

"ನೂರಾರು ಗೋಪುರ ಇದಾವೆ, ಕಾವಲುಗಾರನಿಗೆ ಕಾಣದ ಗೋಪುರ ಇದೊಂದೇ," ಎಂದ ಬಾಲ್ಬೀನೊ. "ಎಸೆದೂ ಸುಟ್ಟುಹೋಗಿಲ್ಲ ಅಂದ್ರೆ ತಂತಿ ಜೊತೆ ಸಂಸಾರ ಮಾಡಿದೋನೇ ಸರ್. ಹೊಸಬ್ರಾದ್ರೆ ನಾವಿವತ್ತು ಹೆಣದ ಮಹಜರು ಬರೀಬೇಕಿತ್ತು."

ಆ ನಾಲ್ವರು ಲೈನ್‌ಮನ್‌ಗಳ ಹಾಜರಿ ಪುಸ್ತಕ ನೋಡಿದರು. ಮೂರೂ ಬೆಳಿಗ್ಗೆ ನಾಲ್ವರೂ ಅರವತ್ತು ಕಿಲೋಮೀಟರ್ ದೂರದಲ್ಲಿ ಕೆಲಸದಲ್ಲಿದ್ದರು. ಬೆರಿಸ್ತಾಯ್ನ್‌ಗೆ ಇದೂ ಗೊತ್ತಿತ್ತೋ ಏನೋ. ಯಾರದೋ ತಲೆಗೆ ಕಟ್ಟಿಬಿಟ್ಟರೆ ಅವನ ಮಟ್ಟಿಗೆ ಲೆಕ್ಕ ಮುಗಿಯುತ್ತಿತ್ತು.

ಮಧ್ಯಾಹ್ನ 1:15. ಉಸ್ಕಾಂಗ ಯಾರನ್ನೂ ಕೇಳದೆ ಪೇದೆಗಳಿಬ್ಬರ ಜೊತೆ ಕಾಲುವೆಯ ಜಾಲರಿ ಮನೆಗೆ ಹೋದ. ತನಿಖೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೂ ಕಾಲು ಎಳೆದುಕೊಂಡು ಹೋಯಿತು. ರಿಯಾಕ್ಟರು ನಿಂತು ಏಳು ಗಂಟೆಯಾಗಿತ್ತು. ನೀರು ಮಾತ್ರ ಮೊದಲಿನ ಹಾಗೆಯೇ ಸುಳಿಸುಳಿಯಾಗಿ ಒಳಗೆ ನುಗ್ಗುತ್ತಿತ್ತು.

"ಇದು ಯಾಕೆ ನಿಂತಿಲ್ಲ?"

ಜಾಲರಿ ನೋಡಿಕೊಳ್ಳುವ ಫುಲ್ಹೆನ್ಸಿಯೊ ನಕ್ಕ. "ಇದು ನಿಂತ್ರೆ ನಾನೂ ನೀವೂ ಇಲ್ಲಿ ನಿಂತಿರ್ತಿರಲಿಲ್ಲ ಸ್ವಾಮಿ. ಒಲೆ ಆರಿಸಿದ್ರೂ ಕೆಂಡ ಕೆಂಡವೇ, ದಿನಗಟ್ಟಲೆ ನೀರು ಬೇಕು. ಮುಂಚೆ ಒಂದೇ ಲೈನು ಇತ್ತು, ಅದು ಹೋದ್ರೆ ಈ ದೊಡ್ಡ ಪಂಪುಗಳು ನಿಲ್ತಿದ್ವು. ಆರು ವರ್ಷದ ಹಿಂದೆ ಆ ಕಡೆಯಿಂದ ಇನ್ನೊಂದು ಎಳೆದ್ರು. ಈಗ ಯಾವುದಕ್ಕೂ ನಿಲ್ಲಲ್ಲ."

ಜಾಲರಿಗೆ ಸಿಕ್ಕಿದ ಪ್ರತಿ ವಸ್ತುವನ್ನೂ ಗಂಟೆ ಸಮೇತ ಬರೆದಿಡುವುದು ಅಲ್ಲಿನ ನಿಯಮ. ಉಸ್ಕಾಂಗ ಪುಸ್ತಕ ತೆರೆದು ಸೆಪ್ಟೆಂಬರ್ 3ರಿಂದ ಓದುತ್ತ ಬಂದ. ಪಾಚಿ, ಸೀಸೆ, ಸತ್ತ ಆಮೆ, ಗೊಂಬೆಯ ಕೈ. ಹುಡುಕುತ್ತಿದ್ದುದು ಸಿಕ್ಕಲಿಲ್ಲ. ಆದರೆ ಸೆಪ್ಟೆಂಬರ್ 29, 6:50: ಸೋರೆಬುರುಡೆಯ ಬಟ್ಟಲು ಒಂದು, ಒಳಗೆ ಮೇಣ. ಅಕ್ಟೋಬರ್ 5, 6:55: ಅದೇ. ಅಕ್ಟೋಬರ್ 14, 6:45: ಅದೇ.

ಹೆಗಲ ಮೇಲಿಂದ ನೋಡುತ್ತಿದ್ದ ನೆರೇಯ್ದಾ ಶಿಲುಬೆಯ ಗುರುತು ಹಾಕಿಕೊಂಡಳು.

"ಮುಳುಗಿದೋರನ್ನ ಹುಡುಕೋಕೆ ಬಿಡೋ ಬುರುಡೆ ಅಲ್ವಾ ಸರ್ ಇದು? ನಮ್ಮಜ್ಜಿ ಹೊಳೇಲಿ ಬಿಟ್ಟಿದ್ರು. ಇಗರ್ಜಿ ಮೇಣದಬತ್ತಿ ಹಚ್ಚಿ ಬಿಟ್ರೆ, ಹೆಣ ಇರೋ ಜಾಗದ ಮೇಲೆ ಹೋಗಿ ನಿಂತ್ಕೊಳ್ಳತ್ತೆ."

"ಹರಿಯೋ ನೀರಲ್ಲಿ?"

"ಹರಿಯೋ ನೀರಲ್ಲಿ ಎಲ್ಲಿ ನಿಲ್ಲತ್ತೆ ಸರ್? ನೀರು ನಿಂತಿರಬೇಕು."

ಉಸ್ಕಾಂಗ ಪುಸ್ತಕ ಮುಚ್ಚಿದ. ಕಳ್ಳ ಸಿಕ್ಕಿದಾಗ ಪೊಲೀಸನಿಗೆ ಆಗಬೇಕಾದ ಸಂತೋಷ ಅವನ ಹತ್ತಿರವೂ ಸುಳಿಯಲಿಲ್ಲ. ಗುರುವಾರದವರೆಗೆ ಸುಮ್ಮನಿದ್ದುಬಿಡಲೇ ಎಂದು ಯೋಚಿಸಿದ. ಸುಮ್ಮನಿದ್ದರೆ ನಾಲ್ಕು ನಿರಪರಾಧಿಗಳ ಮನೆ ಹಾಳು. ಮಾತಾಡಿದರೆ ಈಗಾಗಲೇ ಹಾಳಾದ ಒಂದು ಮನೆಗೆ ಇನ್ನೊಂದು ಏಟು. ಅತ್ತ ದರಿ, ಇತ್ತ ಪುಲಿ.

ಸಂಜೆ 4:10ಕ್ಕೆ ಜೀಪು ದೊನ್ ಕ್ರಿಸ್ಪೀನ್ ಲಗೂನೆಸ್‌ನ ಮನೆ ಮುಂದೆ ನಿಂತಿತು. ಮುದುಕ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ಮೂವತ್ತೊಂದು ವರ್ಷ ಇದೇ ಲೈನಿನ ಮೇಲೆ ದುಡಿದು ಒಂಬತ್ತು ವರ್ಷದ ಹಿಂದೆ, ಎರಡನೇ ಲೈನು ಬರುವ ಮುಂಚೆಯೇ ನಿವೃತ್ತನಾದವನು. ಕಾಣೆಯಾದ ರುಬೇಲಿಯೊ ಅವನ ಒಬ್ಬನೇ ಮಗ.

"ಬನ್ನಿ ಕಮಾಂಡೆಂಟರೇ. ಏನಾದ್ರೂ ಸಿಕ್ತಾ?"

ಇದೇ ಪ್ರಶ್ನೆಯನ್ನು ನಲವತ್ತೊಂದು ದಿನದಿಂದ ಅವನು ಕೇಳುತ್ತಿದ್ದ.

"ಇಲ್ಲ, ದೊನ್ ಕ್ರಿಸ್ಪೀನ್. ಬೆಳಿಗ್ಗೆ ಆರು ಗಂಟೆಗೆ ಎಲ್ಲಿದ್ರಿ?"

"ಹದಿನೇಳನೇ ಗೋಪುರದ ಹತ್ರ."

"ಒಬ್ರೇನಾ?"

"ಒಬ್ನೇ." ಮುದುಕ ಬಲೆಯಿಂದ ಕಣ್ಣೆತ್ತಲಿಲ್ಲ. "ಬೇರೆ ಯಾರಿಗೂ ಇದು ಗೊತ್ತಿಲ್ಲ, ಬರ್ಕೊಳ್ಳಿ."

ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ದೋನ್ಯಾ ಓತಿಲಿಯಾ ನಿಂತಿದ್ದಳು. ಅವಳ ಬೆರಳುಗಳ ಮೇಲೆ ಮೇಣದ ಸುಟ್ಟ ಗುರುತುಗಳಿದ್ದವು. ನೆರೇಯ್ದಾ ನೋಡಿದಳು. ಉಸ್ಕಾಂಗನೂ ನೋಡಿದ, ನೋಡಿ ಬೇರೆ ಕಡೆ ತಿರುಗಿದ.

"ಯಾಕೆ ಮಾಡಿದ್ರಿ?"

"ಕೇಳ್ಕೊಂಡ್ರೆ ನಿಲ್ಲಿಸ್ಲಿಲ್ಲ. ನೀವು ಬರೆದ್ರೂ ನಿಲ್ಲಿಸ್ಲಿಲ್ಲ. ಒಂದು ಗೇಣು ತಂತಿ ಎಸೆದೆ, ಠಕ್ ಅಂತ ನಿಂತ್ಹೋಯ್ತು. ತಂತಿಗೆ ನಿಲ್ಲೋದು ನನ್ನ ಮಗನಿಗೆ ಯಾಕೆ ನಿಲ್ಲಬಾರದಿತ್ತು, ಹೇಳಿ." ಅವನು ಬಲೆಗೆ ಇನ್ನೊಂದು ಗಂಟು ಹಾಕಿದ. "ಈ ತಿಂಗಳ ಇಪ್ಪತ್ತೆಂಟು, ಅಪಘಾತದಲ್ಲಿ ಸತ್ತೋರ ಆತ್ಮ ಮನೆಗೆ ಬರೋ ದಿನ. ಮಣ್ಣು ಕಾಣದೋನು ಯಾವ ದಾರಿ ಹಿಡಿದು ಬರ್ತಾನೆ? ಪ್ರತಿ ಸಲ ಎಸೆದಾಗ್ಲೂ ನೀರು ಇನ್ನಷ್ಟು ಹೊತ್ತು ನಿಲ್ತಿದೆ ಕಮಾಂಡೆಂಟರೇ. ಇನ್ನೊಂದು ಸಲ ಆದ್ರೆ ಸಾಕು, ಸಿಕ್ಬಿಡ್ತಾನೆ."

ನೀರು ನಿಂತೇ ಇಲ್ಲ ಎನ್ನಲು ಬಾಯಿ ತೆರೆದ ಬಾಲ್ಬೀನೊ ಉಸ್ಕಾಂಗನ ಮುಖ ನೋಡಿ ಮುಚ್ಚಿಕೊಂಡ.

4:35ಕ್ಕೆ ಬಂಧನದ ಕಾಗದಕ್ಕೆ ಮುದುಕ ಸಹಿ ಹಾಕಿದ. ಅವನು ಅಂಗಿ ಬದಲಿಸಲು ಒಳಗೆ ಹೋದಾಗ ದೋನ್ಯಾ ಓತಿಲಿಯಾ ಉಸ್ಕಾಂಗನ ಹತ್ತಿರ ಬಂದಳು.

"ನೀರು ಒಂದು ಗಳಿಗೆಯೂ ನಿಲ್ಲಲಿಲ್ಲ ಮಗಾ," ಎಂದಳು, ಪಿಸುದನಿಯಲ್ಲಿ. "ಮೊದಲನೇ ದಿನವೇ ನೋಡಿದೆ. ಬುರುಡೆ ಬಿಟ್ಟ ತಕ್ಷಣ ಎಳ್ಕೊಂಡು ಹೋಗ್ಬಿಡ್ತು. ಮನೆಗೆ ಬಂದು, ಸ್ವಲ್ಪ ನಿಂತಿತ್ತು ಕಣ್ರೀ ಅಂದೆ. ಅವತ್ತು ಇಪ್ಪತ್ತಾರು ದಿನದ ಮೇಲೆ ಕೂತು ಊಟ ಮಾಡಿದ್ರು. ಆಮೇಲೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನನ್ನನ್ನೂ ಕರ್ಕೊಂಡು ಹೋಗು. ಅವರಿಗೆ ಮಾತ್ರ ಹೇಳಬೇಡ."

"ಬುರುಡೆ ಯಾರದು ಅಂತ ಗೊತ್ತಾಗ್ಲಿಲ್ಲಮ್ಮ," ಎಂದ ಉಸ್ಕಾಂಗ. ನೆರೇಯ್ದಾ ಟಿಪ್ಪಣಿ ಪುಸ್ತಕ ಮಡಚಿ ಜೇಬಿಗೆ ಹಾಕಿಕೊಂಡಳು.

ಠಾಣೆಯಲ್ಲಿ ವರದಿ ಸಿದ್ಧವಾಯಿತು. ಉದ್ದೇಶ ಎಂಬ ಕಡೆ ಉಸ್ಕಾಂಗ "ಮಗನ ಶವ ಹುಡುಕಲು" ಎಂದು ಬರೆಸಿದ. ಸರ್ಕಾರಿ ವಕೀಲರ ಕಚೇರಿಯಿಂದ ಅರ್ಧ ಗಂಟೆಯಲ್ಲಿ ಫೋನ್ ಬಂತು: ವಿಧ್ವಂಸಕ ಕೃತ್ಯ ಎಂದಷ್ಟೇ ಇರಲಿ. ಅವನು ವಾದ ಮಾಡಿದ, ಕೂಗಾಡಿದ, ಕೊನೆಗೆ ತಿದ್ದಿಸಿದ. ಅದೇ ಫೋನಿನಿಂದ ಬೆರಿಸ್ತಾಯ್ನ್‌ಗೆ ಕರೆ ಮಾಡಿ, ಎಲ್ಲವನ್ನೂ ನಿಲ್ಲಿಸಲು ನಾಲ್ಕನೇ ಸಲ ಎರಡು ಗಂಟೆ ಕೇಳಿದ. ಫೆಬ್ರವರಿ ಎಂಬ ಉತ್ತರ ಬಂತು.

ಜಿಲ್ಲಾ ಜೈಲಿಗೆ ಕರೆದೊಯ್ಯುವ ಜೀಪಿನಲ್ಲಿ ಮುದುಕ ಉಸ್ಕಾಂಗನ ಕಡೆ ತಿರುಗಿ ಕೂತ. ಆಮೇಲೆ ಕೇಳಿದ: "ಇವತ್ತು ಕಾಲುವೆ ಹತ್ರ ಹೋಗಿದ್ರಂತಲ್ಲ ಕಮಾಂಡೆಂಟರೇ. ನೀವೇ ಕಣ್ಣಾರೆ ನೋಡಿದೀರಿ. ನೀರು ನಿಂತಿತ್ತಾ?"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆರೋಪಿಗಳು ಉಸ್ಕಾಂಗನಿಗೆ ಸಾವಿರ ಸುಳ್ಳು ಹೇಳಿದ್ದರು. ಅವನು ಕಿಟಕಿಯ ಹೊರಗೆ ನೋಡುತ್ತ ಹೇಳಿದ: "ನಿಂತಿತ್ತು ದೊನ್ ಕ್ರಿಸ್ಪೀನ್. ಸ್ವಲ್ಪ ಹೊತ್ತು."

"ಹಾಗಾದ್ರೆ ಅವಳು ಹೇಳಿದ್ದು ನಿಜ," ಎಂದ ಮುದುಕ, ಬೇಡಿ ಹಾಕಿದ ಕೈಗಳಲ್ಲಿ ಮುಖ ಒರೆಸಿಕೊಂಡು. "ನನ್ನ ಸಮಾಧಾನಕ್ಕೆ ಹೇಳ್ತಿದಾಳೆ ಅಂದ್ಕೊಂಡಿದ್ದೆ."