ಪಾರಿವಾಳದ ಕಿಂಡಿಯಿಂದ ಬಿದ್ದ ಕಾರ್ಡು

ಶನಿವಾರ, ಜೂನ್ 10, 1916. ಪೆಂತೆಕೊಸ್ತ್ ಹಬ್ಬದ ಹಿಂದಿನ ದಿನ. ಅಂಚೆಯ ಕ್ಸೇವರ್ ಬವೇರಿಯಾದ ವೈಡನ್‌ಬಾಖ್ ಠಾಣೆಗೆ ಏದುಸಿರು ಬಿಡುತ್ತಾ ಬಂದು, ಹಬ್ಬದ ಕಾರ್ಡುಗಳಿದ್ದ ಚೀಲ ಕಳುವಾಗಿದೆಯೆಂದು ದೂರು ಕೊಟ್ಟ.

"ಎಲ್ಲಿಟ್ಟಿದ್ದೆ?" ಇನ್‌ಸ್ಪೆಕ್ಟರ್ ಹಿರ್ನೈಸ್ ಕೇಳಿದರು.

"ಬಿಯರ್ ಅಂಗಡಿ ಜಗಲೀಲಿ, ಸಾಹೇಬ್ರೇ. ಒಂದು ಮಗ್ ಕುಡಿಯೋಕೆ ಒಳಗೆ ಹೋಗಿದ್ದೆ."

"ಒಂದೇನಾ?" ಕಾನ್‌ಸ್ಟೇಬಲ್ ಸ್ಟಾಡ್ಲರ್ ಕೆಣಕಿದ.

"ಎರಡು."

ದೂರು ಬರೆದು ಮುಗಿಯುವಷ್ಟರಲ್ಲಿ ವಾಲ್ಬುರ್ಗಾ ಬಾಗಿಲಲ್ಲಿದ್ದಳು. ಚರ್ಚಿನ ಗಂಟೆ ಬಾರಿಸುವ ಕೊರ್ಬಿನಿಯನ್‌ನ ಹೆಂಡತಿ. ಮಗ ವೀಟಸ್ ಯುದ್ಧಕ್ಕೆ ಹೋಗಿದ್ದ.

"ಎಲ್ಲಿದ್ರೂ ಈ ಹಬ್ಬಕ್ಕೆ ಕಾರ್ಡು ಹಾಕ್ತಾನೆ. ನಾನೂ ಅವನಿಗೆ ಹಾಕಿದೀನಿ. ಅವನ್ದು ಆ ಚೀಲದಲ್ಲೇ ಇರುತ್ತೆ. ಹುಡುಕಿ ಕೊಡಿ."

ಜಗಲಿಯ ಪಂಚನಾಮೆ ಆಯಿತು. ಸಿಕ್ಕಿದ್ದು ಬರೀ ಧೂಳು. ಶುಭಾಶಯದ ಕಾರ್ಡು ಕದ್ದು ಯಾವನು ಉದ್ಧಾರವಾಗುತ್ತಾನೆ, ನೀವೇ ಹೇಳಿ.

ಭಾನುವಾರದ ಹಬ್ಬದ ಪೂಜೆಯಲ್ಲಿ ಪ್ರತಿ ವರ್ಷದಂತೆ, ಪವಿತ್ರಾತ್ಮ ಇಳಿದುಬಂದದ್ದರ ಗುರುತಾಗಿ, ಚರ್ಚಿನ ಛಾವಣಿಯ ಕಿಂಡಿಯಿಂದ ಮರದ ಪಾರಿವಾಳ ಹಗ್ಗದಲ್ಲಿ ಇಳಿಯಿತು. ಹಿಂದೆಯೇ ಕೆಂಪು ಹೂವಿನ ಎಸಳುಗಳು. ಎಸಳುಗಳ ಜೊತೆ ಒಂದು ಕಾರ್ಡು ಹಿರ್ನೈಸರ ತೊಡೆಯ ಮೇಲೆ ಬಿತ್ತು. ಒಂದು ಕಡೆ ಬರ್ಚ್ ಮರದ ಚಿಗುರು, ಕೊಡೆ ಹಿಡಿದ ಜೀರುಂಡೆಯ ಚಿತ್ರ; ಇನ್ನೊಂದು ಕಡೆ ಬೇಕರಿಯವನ ವಿಳಾಸ. ಕಳುವಾದ ಚೀಲದ್ದೇ. ಅಟ್ಟದ ಮೇಲಿಂದ ಎಸಳು ಸುರಿಯುವವನು ಕೊರ್ಬಿನಿಯನ್ ಒಬ್ಬನೇ.

ಪೂಜೆ ಮುಗಿದದ್ದೇ ಹಿರ್ನೈಸ್, ಸ್ಟಾಡ್ಲರ್ ಅಟ್ಟ ಹತ್ತಿದರು. ಎಸಳಿನ ಬುಟ್ಟಿಯ ತಳದಲ್ಲೇ ಚೀಲವಿತ್ತು. ಅಟ್ಟದ ಕತ್ತಲಲ್ಲಿ ಎಸಳು ಬಾಚುವಾಗ ಕಾರ್ಡೂ ಕೈಗೆ ಬಂದಿತ್ತು.

"ನಾಳೆ ಅಲ್ಲೇ ವಾಪಸ್ ಇಡ್ತಿದ್ದೆ ಸಾಹೇಬ್ರೇ. ಎಲ್ಲಾ ಇದಾವೆ."

"ಎಲ್ಲಾನಾ?"

ಕೊರ್ಬಿನಿಯನ್ ಒಳಜೇಬಿನಿಂದ ಒಂದು ಕಾರ್ಡು ತೆಗೆದ. ವಾಲ್ಬುರ್ಗಾಳ ಕೈಬರಹ; ಮಗನಿಗೆ ಹಾಕಿದ್ದು. ವಿಳಾಸದ ಮೇಲೆ ಸೇನೆಯ ಮೊಹರು: ಯುದ್ಧದಲ್ಲಿ ಮಡಿದಿದ್ದಾರೆ, ವಾಪಸ್.

"ಪಾದ್ರಿಗಳಿಗೆ ಸುದ್ದಿ ಬಂದಿತ್ತು. ಗುರುವಾರ ನಂಗೆ ಹೇಳಿದ್ರು. ಅವಳಿಗಿನ್ನೂ ಗೊತ್ತಿಲ್ಲ. ಪಕ್ಕದ್ಮನೆಯವರಿಗೂ ಅವರ ಮಗನಿಗೆ ಹಾಕಿದ ಕಾರ್ಡೇ ಹೀಗೆ ವಾಪಸ್ ಬಂದಿತ್ತು; ಇವಳ್ದೂ ಬರುತ್ತೆ ಅನ್ನಿಸ್ತು. ಅವಳಿಗೆ ಹಬ್ಬ ಒಂದು ಕಳೀಲಿ ಅಂತ ಚೀಲಾನೇ ಎತ್ಕೊಂಡ್ಬಂದೆ."

ಸ್ಟಾಡ್ಲರ್ ಟೋಪಿ ತೆಗೆದ. ಹಿರ್ನೈಸ್ ಮೊಹರನ್ನು ಎರಡು ಸಲ ಓದಿದರು. ಆದರೆ ಸರ್ಕಾರಿ ಅಂಚೆ ಕದ್ದವನನ್ನು ಬಿಡುವ ಹಾಗಿರಲಿಲ್ಲ. ಪಂಚನಾಮೆಯಲ್ಲಿ ಆ ಕಾರ್ಡನ್ನೂ ಸೇರಿಸಿ, ಸ್ಟಾಡ್ಲರ್‌ನಿಂದ ಅವನಿಗೆ ಕೈಕೋಳ ಹಾಕಿಸಿದರು.

ಮೆಟ್ಟಿಲ ಬುಡದಲ್ಲಿ ವಾಲ್ಬುರ್ಗಾ ನಿಂತಿದ್ದಳು. ಗಂಡನ ಕೈ ನೋಡಲಿಲ್ಲ. ಚೀಲ ನೋಡಿದಳು.

"ಸಿಕ್ತಾ? ನಮ್ಮ ಹುಡುಗಂದು ಬಂದಿದ್ಯಾ?"

ಹಿರ್ನೈಸ್ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದರು.

"ನಾನೇ ಹೇಳ್ತೀನಿ ಸಾಹೇಬ್ರೇ," ಕೊರ್ಬಿನಿಯನ್ ಕೈ ಮುಂದೆ ಚಾಚಿದ. "ಒಂದು ಗಳಿಗೆ ಇದನ್ನ ಬಿಚ್ಚಿ. ಅವಳನ್ನ ಹಿಡ್ಕೋಬೇಕು."

ಸ್ಟಾಡ್ಲರ್ ಆಗಲೇ ಬೀಗದಕೈ ತೆಗೆದಿದ್ದ.